62ರಲ್ಲಿ 28 ಕಳೆಯುವ ಪಾಠ: ಒಂದೇ ಲೆಕ್ಕ, ಮೂರು ಗುಂಪು, ಒಂದಿಷ್ಟು ಪೊರಕೆ ಕಡ್ಡಿ

ಮೂರನೇ ತರಗತಿಯ ಮೂವತ್ತು ಮಕ್ಕಳಿಗೆ 62 − 28 ಅಂತ ಲೆಕ್ಕ ಕೊಟ್ಟು, ಎಲ್ಲರೂ ಸ್ಲೇಟು ಎತ್ತಿ ಅಂದರೆ 34ರ ಜೊತೆಗೆ 46, 44, 42, 35, 90 ಎಲ್ಲವೂ ಕಾಣಿಸುತ್ತವೆ. ಹಾಜರಿ ಪುಸ್ತಕದ ಮಟ್ಟಿಗೆ ಇವರೆಲ್ಲ ಒಂದೇ ತರಗತಿಯವರು. ಆದರೆ ಒಂದೊಂದು ತಪ್ಪುತ್ತರ ಒಂದೊಂದು ಕಡೆಯಿಂದ ಬಂದಿರುತ್ತದೆ. ಬೋರ್ಡಿನ ಮೇಲೆ ಇನ್ನೊಂದು ಸಲ ಮಾಡಿ ತೋರಿಸಿದರೆ ಅದು ಈಗಾಗಲೇ ಬರುವವರಿಗೆ ಮಾತ್ರ ಅರ್ಥವಾಗುತ್ತದೆ. ದಶಕ, ಅಂದರೆ ಹತ್ತರ ಕಟ್ಟು, ಬಿಡಿಸಿ ಕಳೆಯುವ ಈ ಒಂದು ಪಾಠವನ್ನು ಕಡ್ಡಿ, ಕಟ್ಟು ಹಿಡಿದು ಬೇರೆ ಬೇರೆ ಹಂತದ ಮಕ್ಕಳಿಗೆ ಒಟ್ಟಿಗೆ ಕಲಿಸುವಾಗ ನಾವು ಅನುಸರಿಸುವ ಕ್ರಮವನ್ನು, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ.

ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಹಂತ ಹಂತದ ಕಲಿಕೆ ಹೊಸದೇನಲ್ಲ. ಚಟುವಟಿಕೆಯ ಮೂಲಕ, ಮಗು ತನ್ನದೇ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಉದ್ದಗಲಕ್ಕೂ ಬಂತು. ಕಲಿಕಾ ಏಣಿ (ಮೆಟ್ಟಿಲಾಗಿ ಜೋಡಿಸಿದ ಪಾಠ), ಲೋಗೋ ಕಾರ್ಡು (ಚಿತ್ರಗುರುತಿನ ಚಟುವಟಿಕೆ ಕಾರ್ಡು), ತಟ್ಟೆ (ಮಕ್ಕಳು ಕೂರುವ ಗುಂಪು), ಮೈಲಿಗಲ್ಲು (ಏಣಿಯ ಒಂದು ಹಂತ) ಇವೆಲ್ಲ ನಮಗೆ ದಿನನಿತ್ಯದ ಮಾತು. ಆದರೆ ಮಕ್ಕಳ ಕಲಿಕೆ ಗುರುತಿಸುವ ಪ್ರಗತಿ ನೋಟದ ಪಟ್ಟಿ ಹೇಳುವುದು ಮಗು ಎಲ್ಲಿ ನಿಂತಿದೆ ಎಂಬುದನ್ನಷ್ಟೇ. ಯಾಕೆ ನಿಂತಿದೆ ಎಂಬುದನ್ನು ಶಿಕ್ಷಕರೇ ಹುಡುಕಬೇಕು. ಒಂದೇ ಮೈಲಿಗಲ್ಲಿನಲ್ಲಿ ಸಿಕ್ಕಿಕೊಂಡ ನಾಲ್ಕು ಮಕ್ಕಳಿಗೆ ನಾಲ್ಕು ಬೇರೆ ಕಾರಣ ಇರಬಹುದು.

ಹುಡುಕುವ ಕೆಲಸ ಸಂಖ್ಯೆಯ ಆಯ್ಕೆಯಿಂದಲೇ ಶುರುವಾಗುತ್ತದೆ. ಅಭ್ಯಾಸದ ಹಾಳೆಗಳಲ್ಲಿ 52 − 27ರಂಥ ಲೆಕ್ಕ ಸಾಮಾನ್ಯ. ಪರೀಕ್ಷಿಸಲು ಇದು ಕೆಟ್ಟ ಲೆಕ್ಕ. ಬಿಡಿಸ್ಥಾನದಲ್ಲಿ 'ದೊಡ್ಡದರಲ್ಲಿ ಚಿಕ್ಕದು ಕಳೆ' ಎಂದು 7ರಲ್ಲಿ 2 ಕಳೆದವರಿಗೆ 35 ಬರುತ್ತದೆ. ದಶಕ ತಂದು 12ರಲ್ಲಿ 7 ಸರಿಯಾಗಿ ಕಳೆದು, ಹತ್ತರ ಸ್ಥಾನದಲ್ಲಿ ಒಂದು ಇಳಿಸಲು ಮರೆತವರಿಗೂ 35 ಬರುತ್ತದೆ. ಮೊದಲನೆಯ ಮಗುವಿಗೆ ಕಳೆಯುವುದೆಂದರೇನು ಎಂಬುದೇ ಗೊಂದಲ, ಎರಡನೆಯದಕ್ಕೆ ಕೊನೆಯ ಒಂದು ಹೆಜ್ಜೆ ಮಾತ್ರ ಬಾಕಿ. ಉತ್ತರ ನೋಡಿ ಇಬ್ಬರನ್ನೂ ಒಂದೇ ಕಡೆ ಕೂರಿಸಿದರೆ ಇಬ್ಬರ ಹೊತ್ತೂ ಹಾಳು. ಬಿಡಿಸ್ಥಾನದ ಎರಡು ಅಂಕಿಗಳ ವ್ಯತ್ಯಾಸ 5 ಆದಾಗೆಲ್ಲ ಹೀಗೇ ಆಗುತ್ತದೆ. ವ್ಯತ್ಯಾಸ 5 ಅಲ್ಲದ ಲೆಕ್ಕ ಕೊಟ್ಟರೆ ಉತ್ತರವೇ ಕಾರಣ ಹೇಳುತ್ತದೆ. 62 − 28ರಲ್ಲಿ 46 ಬಂದರೆ ತಿರುಗಿಸಿ ಕಳೆದದ್ದು, 44 ಬಂದರೆ ಹತ್ತು ಇಳಿಸಲು ಮರೆತದ್ದು, 90 ಬಂದರೆ ಕೂಡಿದ್ದು, 33 ಅಥವಾ 35 ಬಂದರೆ ಬೆರಳು ಮಡಿಚಿ ಹಿಂದೆ ಎಣಿಸುವಾಗ ಒಂದು ತಪ್ಪಿದ್ದು. ಜೊತೆಗೆ ಸೊನ್ನೆ ಇರುವ ಒಂದು ಲೆಕ್ಕ ಬೇಕೇಬೇಕು. 50 − 23ರಲ್ಲಿ 33 ಬರೆದವರು ತಿರುಗಿಸಿದವರು, 30 ಬರೆದವರು 'ಸೊನ್ನೆಯಲ್ಲಿ ಏನು ಕಳೆದರೂ ಸೊನ್ನೆ' ಎನ್ನುವವರು, 37 ಬರೆದವರು ಇಳಿಸಲು ಮರೆತವರು.

ಬರೆಯುವ ಲೆಕ್ಕ ಈ ಎರಡೇ ಸಾಕು. ಉಳಿದದ್ದು ಬಾಯಿಮಾತಿನದು, ಮಗುವಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಒಂದು, ಬಿಡಿ ಕಡ್ಡಿಗಳ ರಾಶಿ ಕೊಟ್ಟು 'ಮೂವತ್ತನಾಲ್ಕು ಕೊಡು' ಅನ್ನುವುದು. ಒಂದೊಂದಾಗಿ ಎಣಿಸುತ್ತದೋ, ಹತ್ತರ ಗುಡ್ಡೆ ಮಾಡುತ್ತದೋ ನೋಡುವುದು. ಎರಡು, ಅದೇ ಕಡ್ಡಿಗಳ ಪಕ್ಕ 34 ಎಂದು ಬರೆದು, ಮೂರರ ಸುತ್ತ ಗೆರೆ ಎಳೆದು 'ಇದು ಎಷ್ಟು ಕಡ್ಡಿ, ತೋರಿಸು' ಅನ್ನುವುದು. ತುಂಬಾ ಮಕ್ಕಳು ಮೂರೇ ಕಡ್ಡಿ ಎತ್ತಿ ಕೊಡುತ್ತಾರೆ, ಅವರಲ್ಲಿ ಕಾಗದದ ಮೇಲೆ 34 ಎಂದು ಸರಿಯುತ್ತರ ಬರೆದವರೂ ಇರುತ್ತಾರೆ. ಮೂರು, 13ರಲ್ಲಿ 5 ಹೋದರೆ ಎಷ್ಟು, 10 ಆಗಲು 6ಕ್ಕೆ ಇನ್ನೆಷ್ಟು ಬೇಕು ಎಂಬ ಎರಡು ಪ್ರಶ್ನೆ. ನಾಲ್ಕು, ಉಕ್ತಲೇಖನ: 14, 41, 19, 90, 62.

ಉಕ್ತಲೇಖನವನ್ನು ಬಿಡಬೇಡಿ. ಹತ್ತೊಂಬತ್ತು, ತೊಂಬತ್ತು, ತೊಂಬತ್ತೊಂಬತ್ತು ಕಿವಿಗೆ ಒಂದರ ಮೇಲೊಂದು ಬೀಳುತ್ತವೆ. ಅರವತ್ತೆರಡು ಅಂದಾಗ 602 ಎಂದು ಬರೆಯುವ ಮಗು ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತಿದೆ, ಮೊದಲು ಅರವತ್ತು, ಆಮೇಲೆ ಎರಡು. ಮನೆಯಲ್ಲಿ ಉರ್ದು, ಹಿಂದಿ ಅಥವಾ ಮರಾಠಿ ಆಡುವ ಮಕ್ಕಳು 62ಕ್ಕೆ 26 ಬರೆಯುವುದುಂಟು. ಆ ಭಾಷೆಗಳಲ್ಲಿ ಬಿಡಿಯ ಸದ್ದು ಮೊದಲು ಬರುತ್ತದೆ: ಉರ್ದು, ಹಿಂದಿಯಲ್ಲಿ ಬಾಸಠ್, ಮರಾಠಿಯಲ್ಲಿ ಬಾಸಷ್ಟ. ಇಂಥವರಿಗೆ ಕಳೆಯುವ ಪಾಠಕ್ಕೆ ಮುಂಚೆ ಸ್ಥಾನಬೆಲೆ ಪಟ್ಟಿ ಬೇಕು. ಬಿಡಿ ಅಂಕಿಯ ಪಟ್ಟಿ 5 ಸೆಂ.ಮೀ. ಅಗಲ, ಹತ್ತರದ್ದು 10, ನೂರರದ್ದು 15. 60ರ ಪಟ್ಟಿಯ ಸೊನ್ನೆಯ ಮೇಲೆ 2ರ ಪಟ್ಟಿ ಕೂತು 62 ಆಗುವುದನ್ನು ಮಗು ತಾನೇ ಇಟ್ಟು, ಎತ್ತಿ ನೋಡಿದರೆ 602 ಬರೆಯುವುದು ಬೇಗ ನಿಲ್ಲುತ್ತದೆ. ಹತ್ತರ ಪಟ್ಟಿಯ ಸೊನ್ನೆ ಸರಿಯಾಗಿ ಬಲಗಡೆಯ ಅರ್ಧದಲ್ಲೇ ಬರಬೇಕು. ಅಂದಾಜಿನಲ್ಲಿ ಬರೆದರೆ ಕೆಳಗಿನ ಸೊನ್ನೆ ಇಣುಕಿ ಮತ್ತೆ ಗೊಂದಲವಾಗುತ್ತದೆ.

ಇಷ್ಟಾದ ಮೇಲೆ ಮೂರು ಗುಂಪು ತಾನಾಗಿಯೇ ಬೀಳುತ್ತದೆ. ಮೂರಕ್ಕೆ ಮೂರೇ ಕಡ್ಡಿ ತೋರಿಸಿದವರು ಮತ್ತು ಹತ್ತರ ಗುಡ್ಡೆ ಮಾಡದವರು ಒಂದು ಕಡೆ. ಹತ್ತು ಗೊತ್ತಿದೆ, ಬಿಡಿಸುವುದು ಗೊತ್ತಿಲ್ಲ ಎನ್ನುವವರು ಇನ್ನೊಂದು ಕಡೆ. 46 ಮತ್ತು 44ರವರು ಹೆಚ್ಚಾಗಿ ಇಲ್ಲೇ ಸೇರುತ್ತಾರೆ. ಕಾಗದದ ಮೇಲೂ ಸರಿ, ಕಡ್ಡಿಯಲ್ಲೂ ಸರಿ ಎನ್ನುವವರು ಮೂರನೆಯ ಗುಂಪು. ಉತ್ತರ ಸರಿ, ಆದರೆ ಮೂರೇ ಕಡ್ಡಿ ತೋರಿಸಿದ ಮಗುವನ್ನು ಎರಡನೆಯ ಗುಂಪಿನಲ್ಲಿ ಕೂರಿಸಿ, ಬರೆಯುವ ಕೆಲಸ ಕೊಡದೆ ಕಡ್ಡಿಯ ಕೆಲಸ ಕೊಡುತ್ತೇವೆ. ಗುಂಪಿಗೆ ಹಣ್ಣಿನದೋ ಹಕ್ಕಿಯದೋ ಹೆಸರಿಡುವುದು ಒಳ್ಳೆಯದೇ, ಆದರೆ ವರ್ಷವಿಡೀ ಅದೇ ಮಕ್ಕಳು ಗುಬ್ಬಚ್ಚಿ ಗುಂಪಿನಲ್ಲಿದ್ದರೆ ಗುಬ್ಬಚ್ಚಿ ಅಂದರೇನು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಈ ಗುಂಪು ಈ ಪಾಠಕ್ಕೆ ಮಾತ್ರ. ಆಕೃತಿಗಳ ಪಾಠಕ್ಕೆ ಬಂದಾಗ ಇದೇ ಮಕ್ಕಳು ಪೂರ್ತಿ ಅದಲು ಬದಲಾಗುತ್ತಾರೆ.

ಸಾಮಗ್ರಿಗೆ ತೆಂಗಿನ ಪೊರಕೆ ಕಡ್ಡಿ ಸಾಕು. ಇಬ್ಬರಿಗೆ ಒಂದು ಚೀಲ, ಒಂದು ಚೀಲಕ್ಕೆ 99 ಕಡ್ಡಿ: ಹತ್ತರ ಒಂಬತ್ತು ಕಟ್ಟು, ಒಂಬತ್ತು ಬಿಡಿ. ಎರಡಂಕಿಯ ಯಾವ ಸಂಖ್ಯೆಯೂ ಇದರಲ್ಲಿ ಆಗುತ್ತದೆ. ಮೊದಲ ಎರಡು ಗುಂಪಿನ ಇಪ್ಪತ್ತು ಮಕ್ಕಳಿಗೆ ಹತ್ತು ಚೀಲ, ಅಂದರೆ ಸುಮಾರು 1000 ತುಂಡು. ಒಂದು ಕಡ್ಡಿಯ ತೆಳು ತುದಿ ಬಿಟ್ಟು 10 ಸೆಂ.ಮೀ.ನ ಐದು ತುಂಡು ಸಿಗುತ್ತದೆ ಅಂದುಕೊಂಡರೆ 200 ಕಡ್ಡಿ ಬೇಕು. 10 ಸೆಂ.ಮೀ.ಗಿಂತ ಗಿಡ್ಡ ಮಾಡಿದರೆ ರಬ್ಬರ್ ಬ್ಯಾಂಡ್ ಜಾರುತ್ತದೆ, ಉದ್ದ ಮಾಡಿದರೆ ಕಟ್ಟು ಹಾಳೆಯ ಆಚೆ ಚಾಚಿಕೊಳ್ಳುತ್ತದೆ. ಕತ್ತರಿಸಿದ ತುದಿಗೆ ಉಪ್ಪುಕಾಗದ ಉಜ್ಜದಿದ್ದರೆ ಬೆರಳಿಗೆ ಸಿಬಿರು ಚುಚ್ಚುತ್ತದೆ. ತೆಳು ತುದಿಯನ್ನು ಉಳಿಸಲು ಹೋಗಬೇಡಿ, ದಪ್ಪ ಕಡ್ಡಿ ಮತ್ತು ತೆಳು ಕಡ್ಡಿ ಬೆರೆತ ಕಟ್ಟಿನಲ್ಲಿ ತೆಳುವಾದವು ಮೊದಲು ಉದುರುತ್ತವೆ. ರಬ್ಬರ್ ಬ್ಯಾಂಡ್ ಬೇಸಿಗೆಯಲ್ಲಿ ಅಂಟಂಟಾಗಿ ಹರಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಕಿದ ಸೈಕಲ್ ಟ್ಯೂಬನ್ನು ಬಳೆಯಂತೆ ಸಣ್ಣದಾಗಿ ಕತ್ತರಿಸಿಕೊಂಡರೆ ಹೆಚ್ಚು ಬಾಳಿಕೆ ಬರುತ್ತದೆ, ಎರಡು ಸುತ್ತು ಹಾಕಬೇಕಾಗುತ್ತದೆ ಅಷ್ಟೆ. ಚೀಲಕ್ಕೆ ಒಂದೆರಡು ಹೆಚ್ಚುವರಿ ಹಾಕಿಡಿ.

ಕಟ್ಟುಗಳನ್ನು ಶಿಕ್ಷಕರು ಕಟ್ಟಿ ಕೊಡಬಾರದು. ಹತ್ತು ಎಣಿಸಿ, ಬ್ಯಾಂಡ್ ಹಾಕಿ, ಪಕ್ಕದವರಿಂದ ಎಣಿಸಿ ಖಾತ್ರಿ ಮಾಡಿಸುವುದೇ ಮೊದಲ ದಿನದ ಪಾಠ. ತಾನು ಕಟ್ಟಿದ್ದನ್ನು ಬಿಚ್ಚಲು ಮಗು ಹಿಂಜರಿಯುವುದಿಲ್ಲ, ಯಾರೋ ಕಟ್ಟಿ ಕೊಟ್ಟದ್ದನ್ನು ಬಿಚ್ಚಲು ಹೆದರುತ್ತದೆ. ದಿನದ ಕೊನೆಗೆ ಚೀಲ ತುಂಬುವಾಗ ಒಂಬತ್ತು ಕಟ್ಟು, ಒಂಬತ್ತು ಬಿಡಿ ಅಂತ ಎಣಿಸಿ ಹಾಕುವುದು ನಿಯಮವಾದರೆ ಕಡ್ಡಿ ಕಳೆಯುವುದೂ ಕಡಿಮೆ, ಬಿಚ್ಚಿದ್ದನ್ನು ಮತ್ತೆ ಕಟ್ಟುವ ಅಭ್ಯಾಸವೂ ಪುಕ್ಕಟೆ.

ಇನ್ನೊಂದು ಬೇಕಾದದ್ದು ಹಾಸುಹಾಳೆ. ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿ ಚೆನ್ನಾಗಿ ಆಗುತ್ತದೆ. ಸುಮಾರು 40 ಸೆಂ.ಮೀ. ಅಗಲ, ನಡುವೆ ಒಂದು ಗೆರೆ, ಎಡಕ್ಕೆ ಹತ್ತು, ಬಲಕ್ಕೆ ಬಿಡಿ. ಬಿಡಿಯ ಮನೆಯಲ್ಲಿ ಐದೈದು ಚೌಕದ ಎರಡು ಸಾಲು, ಅದರ ಕೆಳಗೆ ಇನ್ನೊಂದು ಅಂಥದೇ ಜೋಡಿ. ಒಟ್ಟು ಇಪ್ಪತ್ತು ಚೌಕ. ಚೌಕ ಇಲ್ಲದಿದ್ದರೆ ಬಿಚ್ಚಿದ ಕಡ್ಡಿಗಳನ್ನು ಮಗು ಪ್ರತಿ ಸಲವೂ ಒಂದರಿಂದ ಎಣಿಸುತ್ತದೆ. ಚೌಕ ಇದ್ದರೆ ಮೇಲಿನ ಹತ್ತು ತುಂಬಿ ಕೆಳಗೆ ಎರಡು ಉಳಿದದ್ದನ್ನು ನೋಡಿ, ಎಣಿಸದೆ ಹನ್ನೆರಡು ಅನ್ನುತ್ತದೆ.

ನಲವತ್ತು ನಿಮಿಷದ ಅವಧಿಯನ್ನು ನಾವು ಮೊದಲ 8 ನಿಮಿಷ ಎಲ್ಲರೂ ಒಟ್ಟಿಗೆ, ನಡುವಿನ 22 ನಿಮಿಷ ಗುಂಪಿನಲ್ಲಿ, ಕೊನೆಯ 10 ನಿಮಿಷ ಮತ್ತೆ ಒಟ್ಟಿಗೆ ಅಂತ ಹಂಚಿಕೊಳ್ಳುತ್ತೇವೆ. ಮೊದಲ ಎಂಟು ನಿಮಿಷಕ್ಕೆ ಒಂದೇ ಪ್ರಶ್ನೆ, ಅದೂ ಅಂಗಡಿಯದು: 62 ಕೋಡುಬಳೆ ಇತ್ತು, 28 ಮಾರಾಟವಾಯಿತು, ಉಳಿದದ್ದು ಮೂವತ್ತಕ್ಕಿಂತ ಹೆಚ್ಚೋ ಕಡಿಮೆಯೋ? ಉತ್ತರ ಹೇಳುವ ಹಾಗಿಲ್ಲ, ಅಂದಾಜು ಮಾತ್ರ. ಈ ಅಂದಾಜು ಮುಂದೆ 46ನ್ನು ಹಿಡಿಯಲು ಕೆಲಸಕ್ಕೆ ಬರುತ್ತದೆ. ಗುಂಪಿನ 22 ನಿಮಿಷದಲ್ಲಿ ಶಿಕ್ಷಕರು ಬಹುಪಾಲು ಎರಡನೆಯ ಗುಂಪಿನ ಜೊತೆ ಕೂರುತ್ತಾರೆ, ಮೊದಲ ಗುಂಪಿಗೆ ಎರಡು ಸಲ ಹೋಗಿ ಬರುತ್ತಾರೆ. ಮೂರಕ್ಕೂ ಸಮಾನವಾಗಿ ಹಂಚಿದರೆ ತಲಾ ಏಳು ನಿಮಿಷ ಸಿಗುತ್ತದೆ. ಏಳು ನಿಮಿಷದಲ್ಲಿ ಕಟ್ಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಎದ್ದು ಹೋಗಬೇಕಾಗುತ್ತದೆ.

ಈಗ ಎರಡನೆಯ ಗುಂಪಿನ ಹತ್ತಿರ ಕೂರೋಣ. ಇಬ್ಬರಿಗೆ ಒಂದು ಹಾಳೆ, ಒಬ್ಬರು ಕಡ್ಡಿಯವರು, ಇನ್ನೊಬ್ಬರು ಸ್ಲೇಟಿನವರು, ಲೆಕ್ಕ ಮುಗಿದ ಮೇಲೆ ಅದಲು ಬದಲು. ಕಡ್ಡಿಯವರು 62 ಇಡುತ್ತಾರೆ: ಆರು ಕಟ್ಟು, ಎರಡು ಬಿಡಿ. ಬಹಳ ಮಕ್ಕಳು ಇಲ್ಲೇ ದಾರಿ ತಪ್ಪುತ್ತಾರೆ. 62 ಇಟ್ಟ ಕೈ ಅದರ ಕೆಳಗೆ 28ನ್ನೂ ಇಡುತ್ತದೆ. ಕೂಡುವಾಗ ಎರಡೂ ಸಂಖ್ಯೆ ಇಟ್ಟ ಅಭ್ಯಾಸ, ಸ್ಲೇಟಿನಲ್ಲೂ ಎರಡೂ ಬರೆದಿದೆ, ಇಡದೆ ಇನ್ನೇನು ಮಾಡುತ್ತದೆ? ಈಗ ಹಾಳೆಯ ಮೇಲೆ 90 ಕಡ್ಡಿ ಇರುತ್ತವೆ, ಯಾವುದರಿಂದ ಯಾವುದನ್ನು ತೆಗೆಯಬೇಕೆಂದು ತಿಳಿಯದೆ ಮಗು ಶಿಕ್ಷಕರ ಮುಖ ನೋಡುತ್ತದೆ. ಇದಕ್ಕೆ ಉಪಾಯ, 28ನ್ನು ಚೀಟಿಯಲ್ಲಿ ಬರೆದು ಕೊಡುವುದು. ಚೀಟಿ ಹಿಡಿದವರು ಗಿರಾಕಿ, ಕಡ್ಡಿ ಇಟ್ಟವರು ಅಂಗಡಿಯವರು. ಗಿರಾಕಿಗೆ ಕೊಟ್ಟದ್ದು ಹಾಳೆಯಿಂದ ಆಚೆ ಹೋಗಲೇಬೇಕು.

'ಎಂಟು ಬಿಡಿ ಕೊಡು.'

'ಎರಡೇ ಇರೋದು ಮಿಸ್.'

ಇಲ್ಲಿ ಸುಮ್ಮನಿರಬೇಕು. ಕಟ್ಟು ಬಿಚ್ಚು ಅಂತ ನಾವೇ ಹೇಳಿಬಿಟ್ಟರೆ ಇಡೀ ಪಾಠ ಆ ಒಂದು ಮಾತಿಗೆ ಸೋರಿಹೋಗುತ್ತದೆ. ಅರ್ಧ ನಿಮಿಷ ಕಾದರೆ ಜೋಡಿಯಲ್ಲಿ ಒಬ್ಬರಾದರೂ ಕಟ್ಟಿನ ಮೇಲೆ ಕೈ ಇಡುತ್ತಾರೆ. ಕೆಲವರು ಬಿಡಿಯ ತಂಟೆಗೇ ಹೋಗದೆ ಮೊದಲು ಎರಡು ಕಟ್ಟು ಎತ್ತಿ ಕೊಟ್ಟು, ಆಮೇಲೆ ಎಂಟರ ಯೋಚನೆ ಮಾಡುತ್ತಾರೆ. ಇಪ್ಪತ್ತೆಂಟು ಅಂತ ಕೇಳಿದ ಕಿವಿಗೆ ಇಪ್ಪತ್ತು ಮೊದಲು ಕೊಡುವುದೇ ಸಹಜ. ತಡೆಯಬೇಡಿ, ಕಡ್ಡಿಯಲ್ಲಿ ಎರಡು ದಾರಿಯೂ 34ಕ್ಕೇ ಹೋಗುತ್ತವೆ. ಬಿಡಿಯಿಂದ ಯಾಕೆ ಶುರು ಮಾಡುತ್ತೇವೆ ಎಂಬುದು ಬರೆಯುವಾಗ ತಾನೇ ಗೊತ್ತಾಗುತ್ತದೆ: ಹತ್ತರ ಸ್ಥಾನದಲ್ಲಿ 4 ಬರೆದು, ಆಮೇಲೆ ಕಟ್ಟು ಬಿಚ್ಚಿ, ಆ 4 ಅಳಿಸಿ 3 ಮಾಡಬೇಕಾಗುತ್ತದೆ. ಎರಡು ಸಲ ಅಳಿಸಿದ ಮಗು ಮೂರನೆಯ ಸಲ ಬಿಡಿಗೇ ಮೊದಲು ಕೈ ಹಾಕುತ್ತದೆ.

ಕಟ್ಟು ಬಿಚ್ಚುವುದರಲ್ಲೂ ಒಂದು ಮೋಸ ಇದೆ. ಬ್ಯಾಂಡ್ ತೆಗೆಯದೆ ಕಟ್ಟಿನೊಳಗಿಂದ ಎಂಟು ಕಡ್ಡಿ ಎಳೆದು ಕೊಡುವವರು ಇರುತ್ತಾರೆ. ಆಗ ಎರಡೇ ಕಡ್ಡಿ ಬ್ಯಾಂಡಿನೊಳಗೆ ಸಡಿಲವಾಗಿ ಉಳಿದು, ಕಟ್ಟಿನ ಹಾಗೇ ಎಡಗಡೆ ಕೂತಿರುತ್ತದೆ. ಎರಡು ಕಟ್ಟು ಕೊಟ್ಟಾದ ಮೇಲೆ ಮಗು ನಾಲ್ಕು ಕಟ್ಟು, ಎರಡು ಬಿಡಿ ಅಂತ ಎಣಿಸಿ 42 ಅನ್ನುತ್ತದೆ. ಸ್ಲೇಟಿನಲ್ಲಿ 42 ಕಂಡರೆ ಹಾಳೆಯ ಎಡಗಡೆ ನೋಡಿ, ಬಡಕಲು ಕಟ್ಟೊಂದು ಸಿಗುತ್ತದೆ. ಹಾಗಾಗಿ ಒಂದು ನಿಯಮ ಮಾಡಿಕೊಂಡಿದ್ದೇವೆ: ಬಿಚ್ಚಿದ ಬ್ಯಾಂಡನ್ನು ಮಗು ಮಣಿಕಟ್ಟಿಗೆ ಹಾಕಿಕೊಳ್ಳಬೇಕು, ಹತ್ತು ಕಡ್ಡಿಯೂ ಗೆರೆ ದಾಟಿ ಬಿಡಿಯ ಚೌಕಗಳಲ್ಲಿ ಕೂರಬೇಕು. ಕೊಡುವುದು ಆಮೇಲೆ.

ಹತ್ತೂ ಕೂತ ತಕ್ಷಣ, ಯಾರಿಗೂ ಏನೂ ಕೊಡುವ ಮೊದಲು, ಕೇಳುವ ಒಂದು ಪ್ರಶ್ನೆ ಈ ಇಡೀ ಪಾಠದ ಜೀವ: 'ಈಗ ಹಾಳೆಯ ಮೇಲೆ ಒಟ್ಟು ಎಷ್ಟಿವೆ?' ಕೆಲವರು ಮತ್ತೆ ಒಂದರಿಂದ ಎಣಿಸುತ್ತಾರೆ. ಕೆಲವರು 'ಜಾಸ್ತಿ ಆಯ್ತು' ಅನ್ನುತ್ತಾರೆ, ಕಣ್ಣಿಗೆ ಕಾಣುವ ವಸ್ತು ನಿಜಕ್ಕೂ ಜಾಸ್ತಿ ಆಗಿದೆ. 'ಅರವತ್ತೆರಡೇ, ಯಾರಿಗೂ ಕೊಟ್ಟಿಲ್ವಲ್ಲ' ಎಂದು ಎಣಿಸದೆ ಹೇಳಿದ ಮಗುವಿಗೆ ಆರು ಹತ್ತು ಎರಡು, ಐದು ಹತ್ತು ಹನ್ನೆರಡು ಎರಡೂ ಒಂದೇ ಎಂಬುದು ದಕ್ಕಿದೆ. 44 ಬರೆಯುವ ಮಗುವಿಗೆ ಬೇಕಾಗಿರುವುದು ಇದೇ. ಹತ್ತು ಇಳಿಸಲು ಮರೆಯಬೇಡ ಅಂತ ನೂರು ಸಲ ಹೇಳುವುದಕ್ಕಿಂತ ಈ ಪ್ರಶ್ನೆಯನ್ನು ಪ್ರತಿ ಲೆಕ್ಕದಲ್ಲೂ ಕೇಳುವುದು ಮೇಲು.

ಬರೆಯುವವರ ಕೆಲಸ ಕೈಯ ಹಿಂದೆಯೇ ನಡೆಯಬೇಕು. ಕಟ್ಟು ಗೆರೆ ದಾಟಿದಾಗ 6 ಹೊಡೆದು ಮೇಲೆ 5, 2 ಹೊಡೆದು ಮೇಲೆ 12. ಎಂಟು ಹೋದಾಗ ಕೆಳಗೆ 4. ಎರಡು ಕಟ್ಟು ಹೋದಾಗ 3. ಒಂದು ಚಲನೆಗೆ ಒಂದು ಬರಹ. ಕಡ್ಡಿಯ ಕೆಲಸ ಪೂರ್ತಿ ಮುಗಿಸಿ, ಆಮೇಲೆ ಸ್ಲೇಟಿನಲ್ಲಿ ಬೇರೆಯಾಗಿ ಲೆಕ್ಕ ಮಾಡಿಸಿದರೆ ಅವು ಎರಡು ಸಂಬಂಧವಿಲ್ಲದ ಆಟಗಳಾಗಿ ಉಳಿಯುತ್ತವೆ. ಕಡ್ಡಿಯಲ್ಲಿ 34, ಸ್ಲೇಟಿನಲ್ಲಿ 46 ಬಂದರೂ ಮಗುವಿಗೆ ಏನೂ ಅನ್ನಿಸುವುದಿಲ್ಲ. ಸಾಮಗ್ರಿ ಬಳಸಿದರೂ ಮಕ್ಕಳಿಗೆ ಬರಲಿಲ್ಲ ಎಂಬ ದೂರು ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ ಎಂದು ನಮ್ಮ ಅಭಿಪ್ರಾಯ. ನಡುನಡುವೆ ಹೊಡೆದು ಬರೆದ 5ನ್ನು ತೋರಿಸಿ 'ಇದು ಹಾಳೆಯ ಮೇಲೆ ಎಲ್ಲಿದೆ?' ಅಂತ ಕೇಳುತ್ತಿರಬೇಕು.

ಮೊದಲ ಗುಂಪಿಗೆ 62 ಬೇಡ. ಅವರಿಗೆ ಎರಡು ದಾಳ, ಅದೇ ಚೀಲ, ಅದೇ ಹಾಳೆ. ದಾಳ ಹಾಕಿ ಬಂದಷ್ಟು ಕಡ್ಡಿ ತೆಗೆದುಕೊಳ್ಳುವುದು, ಹತ್ತು ಆದ ಕೂಡಲೇ ಕಟ್ಟುವುದು, 40 ದಾಟಿದವರು ಗೆದ್ದರು. ಒಂದೆರಡು ದಿನ ಇದು. ಆಮೇಲೆ ಆಟ ತಿರುಗಿಸುತ್ತೇವೆ: ನಾಲ್ಕು ಕಟ್ಟಿನಿಂದ ಶುರು, ದಾಳ ಹೇಳಿದಷ್ಟು ವಾಪಸ್ ಚೀಲಕ್ಕೆ, ಮೊದಲು ಖಾಲಿಯಾದವರು ಗೆದ್ದರು. ಎರಡು ದಾಳದ ಸರಾಸರಿ 7, ಹಾಗಾಗಿ ಆರೇಳು ಎಸೆತದಲ್ಲಿ ಆಟ ಮುಗಿಯುತ್ತದೆ, ಬೇಸರ ಬರುವುದಿಲ್ಲ. ಈ ತಿರುಗಿಸಿದ ಆಟದಲ್ಲಿ, ಸರಿಯಾಗಿ ಹತ್ತು ಬಿದ್ದರೆ ಬಿಟ್ಟು, ಮೊದಲ ಎಸೆತಕ್ಕೇ ಕಟ್ಟು ಬಿಚ್ಚಬೇಕಾಗುತ್ತದೆ, ಯಾಕೆಂದರೆ ಕೈಯಲ್ಲಿ ಬಿಡಿಯೇ ಇಲ್ಲ. ಎರಡನೆಯ ಗುಂಪು ಮಾಡುತ್ತಿರುವ ಕೆಲಸವನ್ನೇ ಈ ಮಕ್ಕಳೂ ಬರೆಯುವ ಭಾರವಿಲ್ಲದೆ, ಚಿಕ್ಕ ಸಂಖ್ಯೆಯಲ್ಲಿ ಮಾಡುತ್ತಿರುತ್ತಾರೆ. ಇವರನ್ನು ಒಂದನೇ ತರಗತಿಯ ಕೂಡುವ ಲೆಕ್ಕಕ್ಕೆ ವಾಪಸ್ ಕಳಿಸುವುದು ಸುಲಭ, ಆದರೆ ಹಾಗೆ ಕಳಿಸಿದವರು ಮತ್ತೆ ತರಗತಿಯ ಪಾಠಕ್ಕೆ ಬಂದು ಸೇರುವುದೇ ಕಷ್ಟವಾಗುತ್ತದೆ. ಎಸೆದ ಮೇಲೆ 'ಈಗ ಎಷ್ಟು ಉಳಿಯಿತು' ಎಂದು ಬಾಯಿಬಿಟ್ಟು ಹೇಳುವುದು ಕಡ್ಡಾಯ. ಹೇಳದಿದ್ದರೆ ಅದು ಬರೀ ದಾಳದ ಆಟ. ದಾಳ ಕೋಣೆಯ ತುಂಬ ಓಡದಂತೆ ಸ್ಟೀಲ್ ತಟ್ಟೆಯ ಮೇಲೆ ಒಂದು ತುಂಡು ಬಟ್ಟೆ ಹಾಸಿ ಅದರಲ್ಲೇ ಎಸೆಯಬೇಕು, ಬಟ್ಟೆ ಇಲ್ಲದಿದ್ದರೆ ಸದ್ದಿಗೆ ಉಳಿದ ಎರಡು ಗುಂಪೂ ತಿರುಗಿ ನೋಡುತ್ತವೆ.

ಮೂರನೆಯ ಗುಂಪಿಗೆ ಸಾಮಾನ್ಯವಾಗಿ ಆಗುವುದು ಎರಡು ಅನ್ಯಾಯ: ಇನ್ನೂ ಹತ್ತು ಅಂಥದೇ ಲೆಕ್ಕ, ಇಲ್ಲವೇ ಉಳಿದವರಿಗೆ ಹೇಳಿಕೊಡುವ ಕೆಲಸ. ಹೇಳಿಕೊಡುವುದು ಆಗೊಮ್ಮೆ ಈಗೊಮ್ಮೆ ಸರಿ, ದಿನವೂ ಅಂದರೆ ಅವರ ಕಲಿಕೆ ನಿಂತಂತೆ. ಇವರಿಗೆ ನಾವು ಕೊಡುವುದು ನೂರು ಮಣಿಯ ಸರ, ಹತ್ತು ಕೆಂಪು, ಹತ್ತು ಬಿಳಿ ಹೀಗೆ ಪೋಣಿಸಿ, ಮಣಿ ಸರಿಸಲು ಒಂದು ಗೇಣು ದಾರ ಸಡಿಲ ಬಿಟ್ಟದ್ದು. 28ಕ್ಕೆ ಒಂದು, 62ಕ್ಕೆ ಒಂದು ಬಟ್ಟೆ ಕ್ಲಿಪ್ಪು. ನಡುವೆ ಎಷ್ಟಿದೆ? 30ಕ್ಕೆ 2, 60ಕ್ಕೆ 30, 62ಕ್ಕೆ ಇನ್ನೆರಡು, ಒಟ್ಟು 34. ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಕೊಡುವುದೂ ಈ ದಾರಿಯಲ್ಲೇ. ಆಮೇಲೆ ಅಂಕಿ ಮುಚ್ಚಿದ ಲೆಕ್ಕ: 6□ − □8 = 34. ಅದೂ ಆದ ಮೇಲೆ ನಮ್ಮ ಮೆಚ್ಚಿನದು: 2, 4, 6, 8 ಈ ನಾಲ್ಕನ್ನೂ ಒಂದೊಂದೇ ಸಲ ಬಳಸಿ ಎರಡಂಕಿಯ ಎರಡು ಸಂಖ್ಯೆ ಮಾಡಿ, ಕಳೆದಾಗ ಉಳಿಯುವುದು ಆದಷ್ಟೂ ಕಡಿಮೆ ಇರಬೇಕು. 46 − 28ರಲ್ಲಿ 18 ಸಿಕ್ಕಿ ಅಲ್ಲೇ ಬಹಳ ಜನ ನಿಲ್ಲುತ್ತಾರೆ. 'ಇನ್ನೂ ಕಡಿಮೆ ಇದೆ' ಎಂದಷ್ಟೇ ಹೇಳಿ ಹೋದರೆ ಸಾಕು, 62 − 48ರ 14 ಸಿಗುವ ಹೊತ್ತಿಗೆ ಯಾರೂ ಹೇಳದೆ ಹತ್ತಾರು ಲೆಕ್ಕ ಮಾಡಿ ಮುಗಿಸಿರುತ್ತಾರೆ. ಕಾರ್ಡಿನ ಹಿಂದೆ ಉತ್ತರ ಬರೆದಿಡಬೇಡಿ. ಬಂದ ಉತ್ತರಕ್ಕೆ ಕಳೆದದ್ದನ್ನು ಕೂಡಿ ನೋಡುವುದೇ ತಾಳೆ.

ಕೊನೆಯ ಹತ್ತು ನಿಮಿಷಕ್ಕೆ ಕೋಡುಬಳೆ ಮತ್ತೆ ಬರುತ್ತದೆ. ಎರಡನೆಯ ಗುಂಪಿನವರೊಬ್ಬರು ಕಟ್ಟು ಬಿಚ್ಚಿ ತೋರಿಸುತ್ತಾರೆ, ಮೂರನೆಯವರು ಮಣಿಸರದಲ್ಲಿ, ಮೊದಲ ಗುಂಪಿನವರು ಉಳಿದದ್ದನ್ನು ಎಣಿಸಿ ಎರಡೂ ಒಂದೇ ಹೌದೋ ಅಲ್ಲವೋ ಹೇಳುತ್ತಾರೆ. ಬೋರ್ಡಿನ ಮೇಲೆ 46 ಬರೆದು 'ಒಬ್ಬರು ಹೀಗೆ ಹೇಳಿದರು, ಯಾಕೆ ಇರಬಹುದು?' ಅಂತ ಕೇಳುತ್ತೇವೆ, ಯಾರು ಅಂತ ಹೇಳುವುದಿಲ್ಲ. ಮೊದಲು ಮಾಡಿದ ಅಂದಾಜು ಇಲ್ಲಿ ನೆರವಿಗೆ ಬರುತ್ತದೆ: ಅರವತ್ತರ ಹತ್ತಿರದಿಂದ ಮೂವತ್ತರ ಹತ್ತಿರ ತೆಗೆದರೆ ನಲವತ್ತಾರು ಉಳಿಯಲು ಸಾಧ್ಯವಿಲ್ಲ.

ಮಕ್ಕಳಿಗೆ ಕಡ್ಡಿಯ ಆಸರೆ ಯಾವಾಗ ಬಿಡಿಸಬೇಕು ಎಂಬುದು ಕಡ್ಡಿ ಕೊಡುವುದಕ್ಕಿಂತ ಕಷ್ಟದ ತೀರ್ಮಾನ. ಕೈಯಲ್ಲಿ ಮಾಡುವುದು, ಚಿತ್ರದಲ್ಲಿ ಕಾಣುವುದು, ಅಂಕಿಯಲ್ಲಿ ಬರೆಯುವುದು ಎಂಬ ಮೂರು ಬಗೆಯನ್ನು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದ್ದರು. ನಮ್ಮಲ್ಲಿ ನಡುವಿನ ಚಿತ್ರವನ್ನು ಹಾರಿಸಿಬಿಡುವುದೇ ಹೆಚ್ಚು. ಚಿತ್ರ ಅಂದರೆ ದೊಡ್ಡದೇನಲ್ಲ. ಹತ್ತಕ್ಕೆ ಒಂದು ಉದ್ದ ಗೆರೆ, ಬಿಡಿಗೆ ಚುಕ್ಕೆ. ಒಂದು ಗೆರೆ ಹೊಡೆದು ಹತ್ತು ಚುಕ್ಕೆ ಇಟ್ಟರೆ ಅದೇ ಕಟ್ಟು ಬಿಚ್ಚಿದ್ದು. ಇದಕ್ಕೂ ಮುಂಚೆ ಇನ್ನೊಂದು ಮೆಟ್ಟಿಲು ಹಾಕಿಕೊಳ್ಳುತ್ತೇವೆ: ಹಾಳೆಯ ಮೇಲೆ 53 ಇಟ್ಟು, ಟವೆಲ್ ಮುಚ್ಚಿ, ಮುಟ್ಟದೆ 53 − 17 ಹೇಳಿಸುವುದು. ಒಳಗೆ ಎಷ್ಟು ಕಟ್ಟು ಬಿಚ್ಚಬೇಕಾಗುತ್ತದೆ, ಆಗ ಬಿಡಿ ಎಷ್ಟು? ಹೇಳಿದ ಮೇಲೆ ಟವೆಲ್ ತೆಗೆದು ಮಾಡಿ ನೋಡುವುದು. ಕಟ್ಟಿಗೆ ಕೈ ಹಾಕುವ ಮೊದಲೇ 'ಐದು ನಾಲ್ಕಾಗುತ್ತೆ' ಅನ್ನುವ ಮಗುವಿಗೆ ಕಡ್ಡಿ ಇನ್ನು ಅಡ್ಡಿ. ಬಿಡಿಸಿದ ಮೇಲೆ ತಪ್ಪು ಮತ್ತೆ ಬಂದರೆ ಮುಜುಗರವಿಲ್ಲದೆ ಚೀಲ ತೆಗೆದುಕೊಳ್ಳಲಿ. ಚೀಲಗಳು ಎಲ್ಲರ ಕೈಗೆ ಸಿಗುವ ಜಾಗದಲ್ಲಿ ನೇತಾಡುತ್ತಿರಬೇಕು.

ಬೀರುವಿನಲ್ಲಿರುವ ಕಿಟ್‌ಗಳ ವಿಷಯ. ನಾಲ್ಕು, ಐದನೇ ತರಗತಿಗೆ ಅಕ್ಷರ ಫೌಂಡೇಷನ್ ಎಂಬ ಸ್ವಯಂಸೇವಾ ಸಂಸ್ಥೆಯ ಗಣಿತ ಕಲಿಕಾ ಆಂದೋಲನದ ಕಿಟ್ ಬಂದ ಶಾಲೆಗಳಲ್ಲಿ ಹತ್ತರ ಬ್ಲಾಕು, ಮಣಿಚೌಕಟ್ಟು (ಅಬಾಕಸ್), ಆಟದ ನೋಟುಗಳು ಸಿಗುತ್ತವೆ. ಕಳೆದುಹೋದರೆ ಲೆಕ್ಕ ಕೊಡಬೇಕಾದೀತೆಂದು ಪ್ಯಾಕ್ ಬಿಚ್ಚದೆ ಇಟ್ಟ ಕಿಟ್ಟುಗಳೂ ಇವೆ; ನಾಲ್ಕು ಬ್ಲಾಕು ಕಳೆದರೆ ಕಳೆಯಲಿ, ತೆಗೆದು ಬಳಸಿ. ಆದರೆ ಕ್ರಮ ಮುಖ್ಯ. ಹತ್ತರ ಬ್ಲಾಕು ಒಡೆಯುವುದಿಲ್ಲ, ಅದನ್ನು ಕೊಟ್ಟು ಹತ್ತು ಬಿಡಿ ಪಡೆಯಬೇಕು, ಅದಕ್ಕೆ ಡಬ್ಬಿ ಹಿಡಿದ ಒಂದು ಮಗು ಬ್ಯಾಂಕಾಗಿ ಕೂರಬೇಕು. ಹತ್ತರ ನೋಟಿನದೂ ಅದೇ ಕಥೆ, ನೋಟು ನೋಡಿದರೆ ಅದರೊಳಗೆ ಹತ್ತು ಕಾಣುವುದಿಲ್ಲ. ಚಿಲ್ಲರೆ ಮಾಡಿಸಿ ಗೊತ್ತಿದ್ದ ಮಕ್ಕಳಿಗೆ ಇದು ಸಲೀಸು, ಆದರೆ ಅಪ್ಪ ಅಮ್ಮ ಫೋನಿನಲ್ಲೇ ದುಡ್ಡು ಕೊಡುವುದನ್ನು ನೋಡಿ ಬೆಳೆಯುತ್ತಿರುವವರಿಗೆ ಚಿಲ್ಲರೆಯನ್ನೂ ಮೊದಲು ಕಲಿಸಬೇಕಾಗಿದೆ. ಮಣಿಚೌಕಟ್ಟಿನಲ್ಲಿ ಹತ್ತರ ಮಣಿಯೂ ಬಿಡಿಯ ಮಣಿಯೂ ಒಂದೇ ಗಾತ್ರ, ಬೆಲೆ ಇರುವುದು ಜಾಗದಲ್ಲಿ ಮಾತ್ರ. ಆದ್ದರಿಂದ ಮೊದಲು ಕಡ್ಡಿ, ಆಮೇಲೆ ಬ್ಲಾಕು ಅಥವಾ ನೋಟು, ಕೊನೆಗೆ ಮಣಿಚೌಕಟ್ಟು. ಮಣಿಚೌಕಟ್ಟಿನಿಂದ ಶುರು ಮಾಡಿದರೆ ಮಕ್ಕಳು ಮಣಿ ಸರಿಸುವ ಕ್ರಮ ಬಾಯಿಪಾಠ ಮಾಡುತ್ತಾರೆ, ಅಷ್ಟೇ.

ಎಲ್ಲರಿಗೂ ಬಿಚ್ಚುವುದು ಬಂತು ಅನ್ನುವಾಗ ಹೊಸ ತಪ್ಪೊಂದು ತಲೆ ಹಾಕುತ್ತದೆ. 47 − 23ಕ್ಕೂ ಕಟ್ಟು ಬಿಚ್ಚಿ, 17ರಲ್ಲಿ 3 ಕಳೆದು, ಬಿಡಿಯ ಕೆಳಗೆ 14 ಬರೆದು, ಪಕ್ಕದಲ್ಲಿ 1 ಇಟ್ಟು 114 ಎನ್ನುತ್ತಾರೆ. ಒಂದು ವಾರ ಬರೀ ಬಿಚ್ಚುವ ಲೆಕ್ಕಗಳನ್ನೇ ಕೊಟ್ಟದ್ದರ ಫಲ ಇದು. ಎರಡನೆಯ ದಿನದಿಂದಲೇ ಬಿಚ್ಚುವ ಲೆಕ್ಕದ ನಡುವೆ ಬಿಚ್ಚಬೇಕಿಲ್ಲದ್ದನ್ನೂ ಬೆರೆಸಿ, ಮಾಡುವ ಮೊದಲು 'ಬಿಚ್ಚಬೇಕೋ ಬೇಡವೋ' ಎಂದು ಹೆಬ್ಬೆರಳು ಮೇಲೆ ಕೆಳಗೆ ತೋರಿಸುವ ಅಭ್ಯಾಸ ಮಾಡಿಸಿದರೆ ಇದು ಬರುವುದಿಲ್ಲ.

ವಾರದ ಕೊನೆಗೆ 71 − 34, 60 − 26, 58 − 23 ಎಂಬ ಮೂರು ಲೆಕ್ಕದ ಚೀಟಿ. ಮೊದಲನೆಯದರಲ್ಲಿ 43 ತಿರುಗಿಸಿದ್ದು, 47 ಇಳಿಸಲು ಮರೆತದ್ದು. ಎರಡನೆಯದರಲ್ಲಿ 46, 40, 44 ನೋಡಿ. ಮೂರನೆಯದು ಸುಮ್ಮಸುಮ್ಮನೆ ಬಿಚ್ಚುವವರನ್ನು ಹಿಡಿಯಲು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹೆಸರುಗಳ ಎದುರು ಅಂಕ ಬರೆಯದೆ ಬಂದ ಉತ್ತರವನ್ನೇ ಬರೆದಿಡುತ್ತೇವೆ. ಮುಂದಿನ ಸೋಮವಾರದ ಗುಂಪು ಆ ಪುಟದಿಂದಲೇ ಆಗುತ್ತದೆ. 503 − 247ಕ್ಕೆ ಹೋಗುವ ಮೊದಲು ಎಲ್ಲ ಚೀಲಗಳನ್ನು ಸೇರಿಸಿ ಹತ್ತು ಹತ್ತು ಕಟ್ಟುಗಳ ನೂರರ ಹೊರೆ ಐದು ಮಾಡಿಸಬೇಕು. ಹತ್ತರ ಮನೆ ಖಾಲಿ ಇದ್ದಾಗ 'ಪಕ್ಕದ ಮನೆಯಿಂದ ತಾ' ಎಂಬ ನಮ್ಮ ಹಳೆಯ ಸೂತ್ರ ಕೈಕೊಡುತ್ತದೆ, ಹೊರೆ ಬಿಚ್ಚಿ ಹತ್ತು ಕಟ್ಟು ಮಾಡಿ, ಅದರಲ್ಲೊಂದನ್ನು ಬಿಚ್ಚಿದ ಕೈಗೆ ಮಾತ್ರ ಮೇಲೆ 4, 9, 13 ಬರೆಯುವುದು ಯಾಕೆಂದು ಗೊತ್ತಿರುತ್ತದೆ.